ಜಪಾನಿನ ದನಿಗೆ ಬರೆದ ಕಾಗದ

ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಹಳೆಯ ಫ್ಲ್ಯಾಟಿನ ಕರಾರಿನಲ್ಲಿ ಇದ್ದದ್ದು ಮೂರು ಜನ. ನಾನು, ಹೆಂಡತಿ, ಮಗಳು. ಆದರೆ ಆ ಮನೆಯಲ್ಲಿ ಒಂಬತ್ತು ವರ್ಷ ನಾಲ್ಕು ದನಿಗಳಿದ್ದವು. ನಾಲ್ಕನೆಯದು ಜಪಾನಿನ ಒಬ್ಬ ಹೆಂಗಸಿನದು. ಆಕೆಯನ್ನು ನಾವು ಯಾರೂ ಕಂಡವರಲ್ಲ. ಆಕೆ ಕಾರ್ಟೂನುಗಳಿಗೆ ದನಿ ಕೊಡುತ್ತಿದ್ದಳು, ಹಾಡುತ್ತಿದ್ದಳು. ಬೆಳಿಗ್ಗೆ ಶಾಲೆಯ ಬಸ್ಸು ಬರುವ ಮೊದಲು, ಸಂಜೆ ಹೋಂವರ್ಕಿನ ಜೊತೆಗೆ, ಊಟಕ್ಕೆ ಕೂತಾಗ, ಮಗಳ ಟ್ಯಾಬಿನಿಂದ ಆ ದನಿ ಹೊರಡುತ್ತಲೇ ಇರುತ್ತಿತ್ತು. ಅದನ್ನು ನಾನು ಬೈದಷ್ಟು ನನ್ನ ಮ್ಯಾನೇಜರನನ್ನೂ ಬೈದಿಲ್ಲ.

ಈಗ ನಾನು ಅದೇ ದೋಹಾದ ಬಿನ್ ಒಮ್ರಾನಿನಲ್ಲಿ ಇನ್ನೊಬ್ಬರ ಜೊತೆ ಒಂದು ಕೋಣೆ ಹಂಚಿಕೊಂಡಿದ್ದೇನೆ. ಇಲ್ಲಿಯ ಲೆಕ್ಕದಲ್ಲಿ ನಾನು ಬ್ಯಾಚುಲರ್. ಐವತ್ತು ದಾಟಿದ, ಮದುವೆಯಾಗಿ ಇಪ್ಪತ್ತು ವರ್ಷವಾದ ಬ್ಯಾಚುಲರ್. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಗಲ್ಫಿನಲ್ಲಿ ಒಬ್ಬನೇ ಉಳಿದವನಿಗೆ ಅದೇ ಹೆಸರು. ಕೋಣೆಯಲ್ಲಿ ಗಲಾಟೆಯೇ ಇಲ್ಲ. ನಾನು ಒಂಬತ್ತು ವರ್ಷ ಬೇಡಿಕೊಂಡ ಶಾಂತಿ ಇದೇ. ಸಿಕ್ಕಿದ ಮೇಲೆ ಇದು ನನಗೆ ಬೇಡವಾಗಿದೆ.

ಶುರುವಾದದ್ದು ಮಗಳಿಗೆ ಏಳು ವರ್ಷವಾಗಿದ್ದಾಗ. ಜ್ವರ ಬಂದು ನಾಲ್ಕು ದಿನ ಮಲಗಿದ್ದಳು. ಮಲಗಿದಲ್ಲೇ ನೋಡಲಿ ಎಂದು ಹೆಂಡತಿ ಯಾವುದೋ ಜಪಾನಿ ಕಾರ್ಟೂನು ಹಾಕಿಕೊಟ್ಟಳು. ತಾಯಿಯನ್ನು ಹುಡುಕುತ್ತಾ ಊರಿಂದ ಊರಿಗೆ ನಡೆಯುವ ಒಂದು ನರಿಮರಿಯ ಕಥೆ. ಆ ನರಿಮರಿಯ ದನಿ ಸ್ವಲ್ಪ ಒಡಕು, ನೆಗಡಿಯಾದ ಮಗು ಹಟ ಮಾಡಿದ ಹಾಗೆ. ಜ್ವರ ಬಿಟ್ಟಿತು, ನರಿಮರಿ ಬಿಡಲಿಲ್ಲ. ಸ್ವಲ್ಪ ದಿನಗಳಲ್ಲಿ ಮಗಳು ಊಟದ ಮುಂಚಿನ ನಮ್ಮ ಪ್ರಾರ್ಥನೆ ಮುಗಿಸಿ ಶಿಲುಬೆಯ ಗುರುತು ಹಾಕಿಕೊಂಡ ಕೂಡಲೇ, ಉಣ್ಣುವ ಮೊದಲು ಜಪಾನಿನವರು ಹೇಳುವ ಮಾತನ್ನೂ ನರಿಮರಿಯ ದನಿಯಲ್ಲಿ ಹೇಳತೊಡಗಿದಳು. ನಾನು ಕಣ್ಣು ಬಿಟ್ಟರೆ ಹೆಂಡತಿ, "ಇರ್ಲಿ ಬಿಡ್ರೀ, ಅದೂ ಪ್ರಾರ್ಥನೇನೇ," ಅನ್ನುತ್ತಿದ್ದಳು. ಅವಳು ಹಾಸನದ ಕಡೆಯವಳು. ನನ್ನ ಮನೆಮಾತು ಕೊಂಕಣಿಯಾದರೂ ಅವಳಿಂದಾಗಿ ನಮ್ಮಲ್ಲಿ ನಡೆಯುತ್ತಿದ್ದದ್ದು ಕನ್ನಡ. ಮಗಳು ಆ ಕನ್ನಡಕ್ಕೆ ತನ್ನ ಶಾಲೆಯ ಇಂಗ್ಲಿಷನ್ನೂ, ಅಂಗಡಿಯ ಅರಬಿಯನ್ನೂ ಬೆರೆಸಿ, ಆಮೇಲೆ ಜಪಾನಿಯನ್ನೂ ತಂದಳು.

ಆ ಹೆಂಗಸಿನ ಕಥೆಯೆಲ್ಲ ನನಗೆ ಗೊತ್ತಾದದ್ದು ಊಟದ ಮೇಜಿನಲ್ಲಿ. ಬೇಕು ಅಂತ ಕೇಳಿದ್ದಲ್ಲ, ಕಿವಿ ಮುಚ್ಚಿಕೊಂಡು ಉಣ್ಣಲು ಆಗುವುದಿಲ್ಲವಲ್ಲ. ಆಕೆ ಹುಟ್ಟಿದ್ದು ಒಂದು ಸಣ್ಣ ಬಂದರಿನಲ್ಲಿ. ಹಾಡುಗಾರ್ತಿಯಾಗಬೇಕೆಂದು ದೊಡ್ಡ ಪಟ್ಟಣಕ್ಕೆ ಹೋದಳು. ಹೋದಲ್ಲೆಲ್ಲ ದನಿ ಒಡಕು ಎಂದು ಹಿಂದಕ್ಕೆ ಕಳಿಸಿದರು. ಹಗಲು ಬೇಕರಿಯಲ್ಲಿ ಕೆಲಸ ಮಾಡುತ್ತಾ ದನಿ ನಟನೆಯ ಶಾಲೆಗೆ ಹೋದಳು. ಮೊದಲ ನಾಲ್ಕು ವರ್ಷ ಅವಳಿಗೆ ಸಿಕ್ಕಿದ್ದು ಹೆಸರಿಲ್ಲದ ಪಾತ್ರಗಳು. ಬಾಗಿಲು ತೆರೆಯುವವಳು, ಸಂತೆಯಲ್ಲಿ ಕೂಗುವವಳು, ಒಮ್ಮೆ ಒಂದು ಕೆಟಲು.

"ಕೆಟಲಾ?" ಎಂದು ನಾನು ಕೇಳಿದ್ದೆ.

"ಮಾತಾಡುವ ಕೆಟಲ್, ಪಪ್ಪಾ. ಒಂದೇ ಡೈಲಾಗ್. ಆದ್ರೆ ಆ ಕೆಟಲನ್ನು ಕೇಳಿಯೇ ಡೈರೆಕ್ಟರ್ ಅವಳನ್ನು ನರಿಮರಿಗೆ ಕರೆದದ್ದು."

"ಓಹೋ. ಹಾಗಾದ್ರೆ ನಮ್ಮ ಕೆಟಲನ್ನೂ ಜಪಾನಿಗೆ ಕಳಿಸುವ. ಅದೂ ಒಳ್ಳೇ ಕೂಗ್ತದೆ."

ಮಗಳು ನಗಲಿಲ್ಲ. ಇಂಥ ಹಾಸ್ಯಗಳನ್ನು ನಾನು ಒಂಬತ್ತು ವರ್ಷ ಮಾಡಿದೆ. ನಮ್ಮಲ್ಲಿ ಇದಕ್ಕೆ ಕಂಠದಾನ ಅಂತಾರೆ, ಪಾಪ, ದಾನ ಮಾಡುತ್ತಾಳೆ ಎಂದು ಒಮ್ಮೆ ಅಂದಾಗ, "ದಾನ ಅಲ್ಲ, ಅದು ಜಾಬ್," ಎಂದು ತಟ್ಟೆ ಎತ್ತಿಕೊಂಡು ಹೋಗಿದ್ದಳು.

ನರಿಮರಿಯಿಂದ ಆಕೆಯ ನಸೀಬು ತಿರುಗಿತು. ಯಾವ ಒಡಕು ದನಿಗೆ ಬಾಗಿಲು ಹಾಕಿದ್ದರೋ ಅದೇ ದನಿಯಲ್ಲಿ ಕಾರ್ಟೂನಿನ ಆರಂಭದ ಹಾಡನ್ನು ಹಾಡಿಸಿದರು. ಆಮೇಲೆ ಅವಳದೇ ಹಾಡುಗಳು. ಮೊದಲು ಸಣ್ಣ ಹಾಲ್, ಮತ್ತೆ ದೊಡ್ಡ ಹಾಲ್, ಮತ್ತೆ ಸ್ಟೇಡಿಯಂ. ಜನ ಕೈಯಲ್ಲಿ ಬಣ್ಣದ ದೀಪದ ಕೋಲು ಹಿಡಿದು ಒಟ್ಟಿಗೆ ಬೀಸುತ್ತಾರೆ. ಯಾವ ಹಾಡಿಗೆ ಕಿತ್ತಳೆ, ಯಾವುದಕ್ಕೆ ನೀಲಿ ಎಂದು ಎಲ್ಲರಿಗೂ ಗೊತ್ತು. ಮಗಳೂ ಒಂದು ಕೋಲು ತರಿಸಿಕೊಂಡಿದ್ದಳು. ಓಲ್ಡ್ ಏರ್‌ಪೋರ್ಟಿನ ಮೂರನೇ ಮಹಡಿಯಲ್ಲಿ, ಕರ್ಟನ್ ಎಳೆದು, ಅವಳೊಬ್ಬಳೇ ಕೋಲು ಬೀಸುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಆಗ ನಗು ಬಂದಿತ್ತು. ಈಗ ಬರುವುದಿಲ್ಲ.

ಒಮ್ಮೆ ಆಕೆಯ ಗಂಟಲಿಗೆ ತೊಂದರೆಯಾಯಿತು. ಆಪರೇಶನ್ ಆಯಿತು, ಒಂದು ವರ್ಷ ಹಾಡುವಂತಿಲ್ಲ, ಮಾತೂ ಕಡಿಮೆ. ಮಗಳಿಗೆ ಆಗ ಹನ್ನೆರಡು. ಆಕೆ ಗುಣವಾಗಲೆಂದು ಅವಳು ಚಿಕನ್ ಬಿಟ್ಟಳು. ಅದೇ ಹೊತ್ತಿಗೆ ಗಂಟಲಿನ ಸಂತರ ಹಬ್ಬ ಬಂತು. ಆ ದಿನ ಪಾದ್ರಿಗಳು ಎರಡು ಮೇಣದ ಬತ್ತಿಗಳನ್ನು ಅಡ್ಡಡ್ಡ ಹಿಡಿದು ನಮ್ಮ ಕುತ್ತಿಗೆಗೆ ತಾಗಿಸಿ ಆಶೀರ್ವಾದ ಮಾಡುವ ಪದ್ಧತಿ. ಮಗಳು ಒಮ್ಮೆ ಹೋಗಿ ಕುತ್ತಿಗೆ ಒಡ್ಡಿದಳು, ಸಾಲಿನ ಹಿಂದೆ ಬಂದು ನಿಂತು ಇನ್ನೊಮ್ಮೆ ಹೋದಳು. ಪಾದ್ರಿಗಳು ಗುರುತು ಹಿಡಿದು ಯಾಕೆಂದು ಕೇಳಿದರಂತೆ. "ಇದು ಇನ್ನೊಬ್ಬರಿಗೆ ಫಾದರ್, ಅವರು ಜಪಾನಿನಲ್ಲಿದ್ದಾರೆ," ಎಂದಳಂತೆ. ಅವರು ಮಾಡಿಕೊಟ್ಟರು. ವರ್ಷ ತುಂಬುವ ಮೊದಲೇ ಆಕೆ ಮತ್ತೆ ಹಾಡಿದಳು. ನಮ್ಮ ಮನೆಯಲ್ಲಿ ಆ ದಿನ ಚಿಕನ್ ಸುಕ್ಕ ಆಯಿತು. ನಾನೂ ಸಂತೋಷದಿಂದಲೇ ಉಂಡೆ, ಆದರೆ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ.

ಒಂದೂವರೆ ವರ್ಷದ ಹಿಂದೆ ನನ್ನ ಕೆಲಸ ಹೋಯಿತು. ನಾನು ಡಾಕ್ಯುಮೆಂಟ್ ಕಂಟ್ರೋಲರ್. ಕಂಪನಿಗೆ ಬರುವ, ಕಂಪನಿಯಿಂದ ಹೋಗುವ ಒಂದೊಂದು ಕಾಗದಕ್ಕೂ ನಂಬರು ಹಾಕಿ, ಫೈಲು ಮಾಡಿ, ಸರಿಯಾದ ಮೇಜಿಗೆ ಮುಟ್ಟಿಸುವವನು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದ ಕಳೆದವನಲ್ಲ. ಪ್ರಾಜೆಕ್ಟ್ ಮುಗಿಯಿತು, ನನ್ನನ್ನೂ ಮುಗಿಸಿದರು. ಬೇರೆ ಕೆಲಸವೇನೋ ಸಿಕ್ಕಿತು. ಆದರೆ ಅದು ಫ್ಯಾಮಿಲಿ ವೀಸಾ ಕೊಡದ ಕೆಲಸ. ಮಗಳ ಹತ್ತನೆಯ ಪರೀಕ್ಷೆ ಮುಗಿದ ವಾರವೇ ಮನೆ ಖಾಲಿ ಮಾಡಬೇಕಾಯಿತು.

ಸಾಮಾನು ಕಟ್ಟಿದ ಆ ವಾರದ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಆದರೂ ಬರೆಯಬೇಕು. ಮಂಗಳೂರಿಗೆ ಕಾರ್ಗೋದಲ್ಲಿ ಹೋಗುವ ಕಾರ್ಟನ್‌ಗಳಲ್ಲಿ ಮಿಕ್ಸಿಗೆ ಜಾಗವಾಯಿತು, ಇಸ್ತ್ರಿ ಪೆಟ್ಟಿಗೆಗೆ ಆಯಿತು, ಆರು ಕಂಬಳಿಗಳಿಗೆ ಆಯಿತು. ಮಂಗಳೂರಿನ ಸೆಕೆಗೆ ಆರು ಕಂಬಳಿ. ಗಲ್ಫಿನಿಂದ ಹೋಗುವವರು ಕಂಬಳಿ ಒಯ್ಯದಿದ್ದರೆ ಮರ್ಯಾದೆ ಇಲ್ಲ ನೋಡಿ. ಮಗಳ ಪೋಸ್ಟರುಗಳಿಗೆ, ಸಿ.ಡಿ.ಗಳಿಗೆ, ಆ ದೀಪದ ಕೋಲಿಗೆ ಮಾತ್ರ ಜಾಗ ಇರಲಿಲ್ಲ. ಅವಳು ಅಂಗಡಿಗೆ ಹೋಗಿದ್ದಾಗ ನಾನು ಅವನ್ನೆಲ್ಲ ಕಪ್ಪು ಚೀಲಕ್ಕೆ ತುಂಬಿ ಕೆಳಗಿನ ಕಸದ ಡಬ್ಬಿಗೆ ಹಾಕಿ ಬಂದೆ. ಬಂದು ನೋಡಿದವಳು ಬೊಬ್ಬೆ ಹಾಕಲಿಲ್ಲ. ಬರಿಗೋಡೆಯ ಎದುರು ಕೂತು ಅಳತೊಡಗಿದಳು. ಮೂರು ದಿನ ಅತ್ತಳು. ಕೊನೆಗೆ ನನಗೆ ಸಿಟ್ಟು ಬಂತು.

"ಊರಿಗೆ ಹೋಗುವಾಗ ಯಾರಾದ್ರೂ ಅಳ್ತಾರಾ?" ಎಂದೆ. "ನಿನ್ನ ಮನೆಗೆ ಹೋಗುದಲ್ವಾ ನೀನು? ಅಳ್ಬೇಕಾದವ ನಾನು, ಇಲ್ಲೇ ಸಾಯ್ಲಿಕ್ಕಿರುವವ."

ಅವಳು ಕಣ್ಣೊರೆಸಿಕೊಂಡಳು. ಅಂದಿನಿಂದ ನನ್ನ ಜೊತೆ ಅವಳ ಮಾತು ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಒಡೆದದ್ದು ಎಲ್ಲಿ ಎಂದು ಮಾತ್ರ ನನಗೆ ತಿಳಿಯಲಿಲ್ಲ. ಪೋಸ್ಟರು ಎಸೆದದ್ದಕ್ಕೆ ಮುನಿಸು ಎಂದುಕೊಂಡೆ. ಹೊಸ ಪೋಸ್ಟರು ತರಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. "ಥ್ಯಾಂಕ್ಸ್" ಎಂದು ಮೆಸೇಜು ಬಂತು. ಮಂಗಳೂರಿನ ಕಂಕನಾಡಿಯ ಬಾಡಿಗೆ ಮನೆಗೆ ನಾನು ದಿನವೂ ಫೋನು ಮಾಡುತ್ತಿದ್ದೆ. ಹೆಂಡತಿ ಅರ್ಧ ಗಂಟೆ ಮಾತಾಡಿ ಫೋನನ್ನು ಮಗಳ ಕಿವಿಗೆ ಹಿಡಿಯುವಳು. ಊಟ ಆಯ್ತಾ, ಹೂಂ. ಕಾಲೇಜು ಹೇಗುಂಟು, ಹೂಂ. ಮಳೆ ಉಂಟಾ, ಹೂಂ. ಒಂದೂವರೆ ವರ್ಷ ನಾನು ಆ ಹೂಂ ಕೇಳಿಕೊಂಡೇ ಬದುಕಿದೆ. ಅವಳ ದನಿಗಾಗಿ ಎಷ್ಟು ಹಂಬಲಿಸಿದೆನೆಂದರೆ, ಹಳೆಯ ಫೋನಿನಲ್ಲಿ ಅವಳು "ಪಪ್ಪಾ, ಬರುವಾಗ ಕುಬೂಸ್ ತನ್ನಿ" ಎಂದು ಅರಬಿ ರೊಟ್ಟಿ ತರಲು ಕಳಿಸಿದ್ದ ಒಂದು ವಾಯ್ಸ್ ಮೆಸೇಜನ್ನು ಬಸ್ಸಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೆ.

ಹೀಗಿರುವಾಗ ಆ ಜಪಾನಿನ ಹೆಂಗಸು ದೋಹಾಕ್ಕೇ ಬರುವ ಸುದ್ದಿ ಬಂತು. ನನಗೆ ಹೇಳಿದವಳು ಮಗಳಲ್ಲ, ಹೆಂಡತಿ. "ನಾವು ಅಲ್ಲಿದ್ದಾಗ ಬರದವಳು ಈಗ ಬರ್ತಾವ್ಳೆ ನೋಡ್ರೀ. ಮಗು ನಿನ್ನೆಯಿಂದ ಊಟ ಬಿಟ್ಟು ಕೂತದೆ." ಎಕ್ಸಿಬಿಶನ್ ಹಾಲಿನಲ್ಲಿ ಕಾರ್ಟೂನು ಪ್ರಿಯರ ಮೇಳ, ಶುಕ್ರವಾರ ಸಂಜೆ ಐದಕ್ಕೆ ಆಕೆಯ ಹಾಡು. ಮಗಳಿಗೆ ಸೆಕೆಂಡ್ ಪಿಯುಸಿಯ ವರ್ಷ, ಕಾಲೇಜು, ಟ್ಯೂಶನ್. ಬರುವ ಮಾತೇ ಇಲ್ಲ. ಎರಡು ದಿನ ಬಿಟ್ಟು ಮಗಳೇ ಮೆಸೇಜು ಹಾಕಿದಳು. ಆ ಮೇಳದಲ್ಲಿ ಅಭಿಮಾನಿಗಳ ಕಾಗದ ಹಾಕಲು ಒಂದು ಪೆಟ್ಟಿಗೆ ಇಡುತ್ತಾರೆ, ಆಕೆ ಎಲ್ಲವನ್ನೂ ಓದುತ್ತಾಳೆ. ಪಪ್ಪಾ, ನನ್ನ ಲೆಟರ್ ಹಾಕ್ತೀರಾ?

ಹಾಕ್ತೇನೆ ಎಂದು ಬರೆದೆ. ಬರೆದು, ಆಫೀಸಿನ ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದುಕೊಂಡೆ. ಈ ಒಂದು ಕಾಗದವನ್ನು ಮುಟ್ಟಿಸಿದರೆ ನನ್ನ ಮಗಳು ನನಗೆ ವಾಪಸು ಸಿಗುತ್ತಾಳೆ ಎಂದು ಗಟ್ಟಿಯಾಗಿ ನಂಬಿದೆ.

ಕಾಗದ ಮಂಗಳೂರಿನಿಂದ ಬರುವವರೊಬ್ಬರ ಕೈಯಲ್ಲಿ ಬಂತು. ನಮ್ಮ ಕಡೆ ಎಲ್ಲವೂ ಹಾಗೆಯೇ ಬರುವುದು, ಉಪ್ಪಿನಕಾಯಿಯಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ. ತಿಳಿ ಕಿತ್ತಳೆ ಬಣ್ಣದ ಲಕೋಟೆ. ಒಳಗೆ ತೆಳು ಕಾಗದದ ಮೂರು ಹಾಳೆ, ತುಂಬ ಜಪಾನಿ ಅಕ್ಷರ. ಮಗಳು ತಾನೇ ಕಲಿತು, ಹನ್ನೊಂದು ಸಲ ತಿದ್ದಿ ಬರೆದದ್ದು ಎಂದು ಹೆಂಡತಿ ಹೇಳಿದಳು. ಬರಿಗೈಯಲ್ಲಿ ಕಾಗದ ಕೊಡುತ್ತಾರೆಯೇ ಎಂದು ಅವಳು ಒಂದು ಪ್ಯಾಕೆಟ್ ಹುರಿದ ಗೇರುಬೀಜವನ್ನೂ ಕಳಿಸಿದ್ದಳು.

ತಪ್ಪಾದದ್ದು ಇಲ್ಲಿ. ನನ್ನ ಕೋಣೆಯ ಜೊತೆಗಾರ ಉಳ್ಳಾಲದ ಕಡೆಯ ಬ್ಯಾರಿ. ನನಗಿಂತ ಹಿರಿಯರು, ಒಂದು ಕಾರ್ಗೋ ಆಫೀಸಿನಲ್ಲಿ ಇಪ್ಪತ್ತೈದು ವರ್ಷದಿಂದ ಪ್ಯಾಕಿಂಗ್ ಮಾಡುವವರು. ಅವರು ಕಟ್ಟಿದ ಕಾರ್ಟನನ್ನು ವಿಮಾನದಿಂದ ಕೆಳಗೆ ಎಸೆದರೂ ಒಳಗಿನ ಗಾಜಿನ ಲೋಟ ಒಡೆಯುವುದಿಲ್ಲ ಎಂಬ ಖ್ಯಾತಿ ಉಂಟು. ಗುರುವಾರ ಸಂಜೆ ನಾನು ಲಕೋಟೆಯನ್ನು ಅಂಗಿಯ ಜೇಬಿಗೆ ಇಟ್ಟು ನೋಡುತ್ತಿದ್ದದ್ದನ್ನು ಕಂಡು ಅವರಿಗೆ ತಡೆಯಲಿಲ್ಲ.

"ಎಂತ ಮಾರಾಯ್ರೆ, ಮಗಳ ಕಾಗದವನ್ನು ಹೀಗೆ ಲೂಸ್ ತಕೊಂಡು ಹೋಗುದಾ? ಬಸ್ಸಲ್ಲಿ ಒಬ್ಬ ಒತ್ತಿದ್ರೆ ಖಲಾಸ್. ಕೊಡಿ ಇಲ್ಲಿ."

ನಾನು ಕೊಟ್ಟೆ. ಕಾಗದ ಕಾಯುವುದೇ ಕಸುಬಾದವನು, ಕಟ್ಟುವುದೇ ಕಸುಬಾದವನ ಕೈಗೆ ಕೊಟ್ಟೆ. ಅವರು ಎರಡು ರಟ್ಟು ಅಳತೆಗೆ ಕತ್ತರಿಸಿ ಲಕೋಟೆಯನ್ನು ನಡುವೆ ಇಟ್ಟರು, ಅಲ್ಲಾಡದ ಹಾಗೆ ಅದರ ನಾಲ್ಕು ಅಂಚನ್ನೂ ಟೇಪಿನಲ್ಲಿ ರಟ್ಟಿಗೆ ಅಂಟಿಸಿದರು. ಮೇಲೆ ಗೇರುಬೀಜ, ಮೇಲೆ ಪ್ಲಾಸ್ಟಿಕ್, ಮೇಲೆ ಕಂದು ಟೇಪು, ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಕೊನೆಗೆ ದಪ್ಪ ಮಾರ್ಕರಿನಲ್ಲಿ ನಾಲ್ಕೂ ಬದಿಗೆ ಆಕೆಯ ಹೆಸರು, ನನ್ನ ಫೋನ್ ನಂಬರು, ಮಂಗಳೂರಿನ ನಂಬರು, ಮೇಲ್ಮುಖವಾಗಿ ಎರಡು ಬಾಣ. "ಈಗ ಕೊಂಡುಹೋಗಿ," ಎಂದರು. ನನಗೂ ಅದನ್ನು ನೋಡಿ ಧೈರ್ಯ ಬಂತು. ಅಷ್ಟು ಅಚ್ಚುಕಟ್ಟಾದ ಪಾರ್ಸೆಲ್.

ಮಾರನೆಯ ದಿನ ಬೆಳಿಗ್ಗೆ ಚರ್ಚಿನಲ್ಲಿ ಪೂಜೆಗೆ ಹೋಗಿ, ಮಧ್ಯಾಹ್ನ ಮೂರಕ್ಕೆಲ್ಲ ಎಕ್ಸಿಬಿಶನ್ ಹಾಲ್ ಸೇರಿದೆ. ಸಾಲಿನಲ್ಲಿ ನನ್ನ ವಯಸ್ಸಿನವರು ಬೆರಳೆಣಿಕೆ. ಅಬಾಯಾ ನಿಲುವಂಗಿಗೆ ನರಿಮರಿಯ ಬ್ಯಾಡ್ಜ್ ಚುಚ್ಚಿಕೊಂಡ ಕತಾರಿ ಹುಡುಗಿಯರು, ಕಿತ್ತಳೆ ವಿಗ್ ಹಾಕಿದ ಫಿಲಿಪ್ಪೀನಿನ ನರ್ಸುಗಳು, ಕೇರಳದವರು, ಈಜಿಪ್ಟಿನವರು. ಎಲ್ಲರ ಬಾಯಲ್ಲೂ ನನ್ನ ಮಗಳು ಊಟದ ಮೊದಲು ಹೇಳುತ್ತಿದ್ದ ಆ ಮಾತು, ಆ ದನಿ. ಒಂದು ಒಡಕು ದನಿಗೆ ಇಷ್ಟು ಮಕ್ಕಳು ಎಂದು ನನಗೆ ಗೊತ್ತಿರಲಿಲ್ಲ. ನಾನು ಒಬ್ಬಳನ್ನು ಮಾತ್ರ ಕಂಡಿದ್ದೆ, ಅವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದೆ.

ಕಾಗದದ ಪೆಟ್ಟಿಗೆಯ ಹತ್ತಿರ ಹತ್ತೊಂಬತ್ತು ಇಪ್ಪತ್ತರ ಒಬ್ಬ ಮಲಯಾಳಿ ಹುಡುಗಿ ಕೂತಿದ್ದಳು. ಅವಳು ಇಂಗ್ಲಿಷಿನಲ್ಲಿ, ನಡುನಡುವೆ ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಪಾರ್ಸೆಲನ್ನು ಅವಳು ಕೈಯಲ್ಲಿ ತಿರುಗಿಸಿ ನೋಡಿದಳು.

"ಅಂಕಲ್, ಇದು ಏನು?"

"ಕಾಗದ."

ಪೆಟ್ಟಿಗೆಯ ಬಾಯಿ ಒಂದು ಬೆರಳು ಅಗಲ. ನನ್ನ ಕಾಗದ ಒಂದು ಇಟ್ಟಿಗೆಯಷ್ಟು ದಪ್ಪ. ಪಕ್ಕದಲ್ಲಿ ಬೋರ್ಡು ಬೇರೆ ಇತ್ತು. ಕಾಗದ ಮಾತ್ರ, ತಿಂಡಿ ಇಲ್ಲ, ಲಕೋಟೆ ಅಂಟಿಸಿರಬಾರದು. "ಬಿಚ್ಚಬೇಕು ಅಂಕಲ್. ನಾಲ್ಕಕ್ಕೆ ಪೆಟ್ಟಿಗೆ ಒಳಗೆ ಹೋಗುತ್ತದೆ," ಎಂದಳು.

ಬಿಚ್ಚಲು ಬ್ಲೇಡಿಲ್ಲ, ಕತ್ತರಿಯನ್ನು ಒಳಗೆ ಬಿಡುವುದಿಲ್ಲ. ನಾನು ಕೋಣೆಯ ಬೀಗದ ಕೈಯಿಂದ ಕೊರೆದೆ, ಹಲ್ಲಿನಿಂದ ಎಳೆದೆ. ಇಪ್ಪತ್ತೈದು ವರ್ಷದ ಅನುಭವದ ಟೇಪು, ಅದೇನು ಸುಲಭಕ್ಕೆ ಬಿಡುತ್ತದೆಯೇ. ಕೊನೆಗೆ ರಟ್ಟು ಬಿಚ್ಚಿತು. ಗಡಿಬಿಡಿಯಲ್ಲಿ ನಾನು ಲಕೋಟೆಯನ್ನು ಹಿಡಿದು ಎಳೆದೆ. ಅಂಚಿನ ಟೇಪಿನ ಜೊತೆ ಲಕೋಟೆಯ ಬೆನ್ನು ಕಿತ್ತು ಬಂತು, ಅದರ ಜೊತೆ, ಅಂಟಿಸದ ಬಾಯಿಯಿಂದ ಇಣುಕಿ ಟೇಪಿಗೆ ಸಿಕ್ಕಿದ್ದ ಕೊನೆಯ ಹಾಳೆಯ ಕೆಳಭಾಗವೂ ಹರಿದು ರಟ್ಟಿಗೆ ಅಂಟಿಕೊಂಡಿತು. ನಾಲ್ಕು ಸಾಲು. ಉಗುರಿನಿಂದ ಬಿಡಿಸಲು ಹೋದೆ, ಅಕ್ಷರಗಳು ಪುಡಿಪುಡಿಯಾಗಿ ಎದ್ದು ಬಂದವು.

ಕೆಲಸ ಹೋದ ದಿನವೂ ನಾನು ಅತ್ತಿರಲಿಲ್ಲ. ಜನರ ನಡುವೆ ನಿಂತು ನಾನು ಅತ್ತುಬಿಟ್ಟೆ. ಆ ಹುಡುಗಿ ಎದ್ದು ಕುರ್ಚಿ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ, ಮಗಳು ಮಾತು ಬಿಟ್ಟದ್ದನ್ನೂ ಸೇರಿಸಿ. ಅವಳು ತನ್ನ ಬ್ಯಾಗಿನಿಂದ ಹೊಸ ಹಾಳೆ ತೆಗೆದಳು. "ನನಗೆ ಬರೆಯಲು ಬರುತ್ತದೆ. ನಾನೂ ನರಿಮರಿ ನೋಡಿಯೇ ಕಲಿತದ್ದು. ಕೊನೆಯ ಹಾಳೆಯನ್ನು ಪ್ರತಿ ಮಾಡುತ್ತೇನೆ. ಆದರೆ ಹರಿದ ಸಾಲುಗಳು ನಿಮ್ಮ ಮಗಳಿಗೇ ಗೊತ್ತು. ಫೋನ್ ಮಾಡಿ ಅಂಕಲ್."

ಮಗಳಿಗೆ ಫೋನು ಮಾಡಿದೆ. ಕಟ್ ಮಾಡಿದಳು. ಮತ್ತೆ ಮಾಡಿದೆ. "ಟ್ಯೂಶನ್" ಎಂದು ಮೆಸೇಜು ಬಂತು. ಗಡಿಯಾರ ನೋಡಿದೆ, ಮೂರು ಮುಕ್ಕಾಲು. ಹೇಳದೆ ಮುಚ್ಚಿಡಬಹುದಿತ್ತು. ಹಾಕಿದೆ ಎಂದು ಸುಳ್ಳು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಅದೂ ಮನಸ್ಸಿಗೆ ಬಂತು, ಬರಲಿಲ್ಲವೆಂದು ಹೇಳುವುದಿಲ್ಲ. ಆದರೆ ವಾಯ್ಸ್ ಮೆಸೇಜಿನಲ್ಲಿ ಹೇಳಿಬಿಟ್ಟೆ. "ಮಗಾ, ನಿನ್ನ ಲೆಟರ್ ನನ್ನ ಕೈಯಲ್ಲಿ ಹರಿದು ಹೋಯ್ತು. ಲಾಸ್ಟಿನ ನಾಲ್ಕು ಲೈನ್ ಇಲ್ಲ. ಇಲ್ಲಿ ಒಬ್ಬಳು ಬರೆದು ಕೊಡ್ತಾಳೆ. ನೀನು ಹೇಳ್ಬೇಕು. ತಪ್ಪು ನಂದೇ."

ಅರ್ಧ ನಿಮಿಷದೊಳಗೆ ಫೋನು ಬಂತು. ಬೈಯುತ್ತಾಳೆ ಎಂದುಕೊಂಡಿದ್ದೆ. "ಸ್ಪೀಕರಲ್ಲಿ ಹಾಕಿ ಪಪ್ಪಾ," ಎಂದಳಷ್ಟೇ. ಟ್ಯೂಶನ್ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳೆಂದು ಕಾಣುತ್ತದೆ, ಹಿಂದೆ ಸ್ಕೂಟರುಗಳ ಸದ್ದು. ಅವಳು ಜಪಾನಿಯಲ್ಲಿ ಒಂದೊಂದೇ ಮಾತು ಹೇಳಿದಳು, ಹುಡುಗಿ ಬರೆದಳು. ಮಧ್ಯೆ ಅವಳ ಪೆನ್ನು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ಬರೆದಳು. ಬರೆದು ಮುಗಿಸಿ ಹೊಸ ಲಕೋಟೆಗೆ ಹಾಕಿ ಪೆಟ್ಟಿಗೆಯ ಬಾಯಿಗೆ ಹಿಡಿದು, "ನೀವೇ ಹಾಕಿ," ಎಂದಳು. ನಾನು ಹಾಕಿದೆ. ಐದು ನಿಮಿಷಕ್ಕೆ ಇಬ್ಬರು ಬಂದು ಪೆಟ್ಟಿಗೆಯನ್ನು ಒಳಗೆ ಒಯ್ದರು.

"ಏನು ಬರೆದಿದ್ದಾಳೆ?" ಎಂದು ಹುಡುಗಿಯನ್ನು ಕೇಳಿದೆ.

"ಅದನ್ನು ಮಗಳನ್ನೇ ಕೇಳಿ ಅಂಕಲ್," ಎಂದು ಅವಳು ರಟ್ಟಿನ ಚೂರು ಹೆಕ್ಕತೊಡಗಿದಳು.

ಫೋನು ಇನ್ನೂ ಕಟ್ ಆಗಿರಲಿಲ್ಲ. ಕೇಳಿದೆ. ಅವಳು ತನ್ನ ಕುಂಟು ಕನ್ನಡದಲ್ಲಿ, ತಡೆದು ತಡೆದು ಹೇಳಿದಳು.

"ಎಲ್ಲರೂ ಜಪಾನಿಗೆ ಹೋಗ್ಬೇಕು ಅಂತ ಬರೀತಾರೆ. ನಂಗೆ ಜಪಾನ್ ಬೇಡ. ನೀವು ಇವತ್ತು ನಿಂತ ಜಾಗ ನನ್ನ ಊರು. ನಂಗೆ ಅಲ್ಲಿಗೆ ಬರ್ಲಿಕ್ಕೆ ಆಗುದಿಲ್ಲ. ನಿಮ್ಮ ಹಾಡು ಹಾಕಿದ್ರೆ ನಾನು ಅಲ್ಲಿಯ ನಮ್ಮ ರೂಮಲ್ಲಿ ಇರ್ತೇನೆ. ನನ್ನ ಬದ್ಲಿಗೆ ನೀವು ನನ್ನ ಊರನ್ನು ಸ್ವಲ್ಪ ನೋಡಿ ಹೋಗಿ. ಅಷ್ಟೇ ಪಪ್ಪಾ ಬರೆದದ್ದು."

ಅವಳಿಗೆ ಕ್ಲಾಸಿಗೆ ಹೋಗಬೇಕಿತ್ತು, ಹೋದಳು.

ಇಪ್ಪತ್ತೆರಡು ವರ್ಷ ನಾನು ಮಂಗಳೂರಿಗಾಗಿ ಹಂಬಲಿಸಿದವನು. ಆಷಾಢದಲ್ಲಿ ಅಲ್ಲಿ ಮಳೆ ಬಂತೆಂದರೆ ಇಲ್ಲಿ ನನ್ನ ಊಟ ರುಚಿಸುತ್ತಿರಲಿಲ್ಲ. ಈ ಹಂಬಲ ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ. ಅದೇ ರೋಗವನ್ನು ಮಗಳಿಗೆ ದಾಟಿಸಿ, ಅವಳನ್ನು ಮನೆಗೆ ಮುಟ್ಟಿಸಿದೆ ಎಂದು ಬೀಗಿದ್ದೆ. ಇಲ್ಲೇ ಹುಟ್ಟಿದವಳು, ಇಲ್ಲೇ ನಡೆಯಲು ಕಲಿತವಳು, ಇಲ್ಲೇ ಜ್ವರ ಬಂದು ಮಲಗಿದವಳು. ಅವಳಿಗೆ ಕಂಕನಾಡಿ ಎಂದರೆ ಬೇಸಿಗೆ ರಜೆಯಲ್ಲಿ ಸೊಳ್ಳೆ ಕಚ್ಚುವ ಜಾಗ. ನಾನು ಪೋಸ್ಟರು ಎಸೆದದ್ದಕ್ಕೆ ಅವಳು ಮೂರು ದಿನ ಅತ್ತದ್ದಲ್ಲ. ಅವಳು ಊರು ಬಿಟ್ಟು ಹೋಗುತ್ತಿದ್ದಳು, ನಾನು ಅದಕ್ಕೆ ಊರಿಗೆ ಹೋಗುವುದು ಎಂದು ಹೆಸರಿಟ್ಟು ಗದರಿಸಿದ್ದೆ.

ಐದಕ್ಕೆ ಆಕೆ ಬಂದಳು. ಕುಳ್ಳಗಿನ ಹೆಂಗಸು, ನಲವತ್ತು ದಾಟಿರಬೇಕು. ಮೊದಲು ನೆಟ್ಟಗೆ ನಿಂತು ಬಗ್ಗಿ ನಮಸ್ಕರಿಸಿದಳು. ಆಮೇಲೆ ಮೈಕನ್ನು ಹತ್ತಿರ ಹಿಡಿದು ನರಿಮರಿಯ ದನಿಯಲ್ಲಿ ನಾಲ್ಕು ಮಾತಾಡಿದಳು. ಇಡೀ ಹಾಲ್ ಎದ್ದು ನಿಂತಿತು. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಪ್ರತಿಯೊಂದು ಏರು ಇಳಿತ ಗೊತ್ತಿತ್ತು. ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ಗಂಟಲು ಬಿರಿಯುತ್ತದೆ, ಎಲ್ಲ. ಒಂಬತ್ತು ವರ್ಷ ಗೋಡೆಯ ಆಚೆಯಿಂದ ನಾನೂ ಕೇಳಿಸಿಕೊಂಡಿದ್ದೆನಲ್ಲ. ಹಾಡು ಶುರುವಾದಾಗ ನನಗೆ ಮೀನುಸಾರಿನ ವಾಸನೆ ಬಂದ ಹಾಗಾಯಿತು, ಇಸ್ತ್ರಿ ಮಾಡಿದ ಯೂನಿಫಾರ್ಮಿನ ವಾಸನೆ ಬಂದ ಹಾಗಾಯಿತು. ಫೋನಿನಲ್ಲಿ ಹಿಡಿಯುವುದು ಅಲ್ಲಿ ನಿಷೇಧ. ನಾನು ಕೈಕಟ್ಟಿ ಕೂತು ಕೇಳಿದೆ. ಪಕ್ಕದ ಫಿಲಿಪ್ಪೀನಿನ ಹುಡುಗಿ ತನ್ನ ಎರಡು ದೀಪದ ಕೋಲುಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟಳು. ನಾಚಿಕೆಪಡದೆ ಬೀಸಿದೆ.

ಮರುದಿನ ಶನಿವಾರ, ರಜೆ. ಬೆಳಿಗ್ಗೆ ಬಸ್ಸು ಹಿಡಿದು ಓಲ್ಡ್ ಏರ್‌ಪೋರ್ಟಿಗೆ ಹೋದೆ. ಮನೆ ಬಿಟ್ಟ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಹಳೆಯ ಬಿಲ್ಡಿಂಗಿನ ಎದುರಿನ ಫುಟ್‌ಪಾತಿನಲ್ಲಿ ನಿಂತು ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ತಲೆ ಬಾಚದೆ ಎದ್ದು ಬಂದವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ನನ್ನ ಹಿಂದಿನ ಗೋಡೆ ನೋಡಿದಳು.

"ಪಪ್ಪಾ, ನೀವು ಮಾತಾಡ್ಬೇಡಿ. ಫೋನ್ ತಿರುಗ್ಸಿ ಎತ್ತಿ ಹಿಡೀರಿ."

ಹಿಡಿದೆ. ಸ್ವಲ್ಪ ಎಡಕ್ಕೆ ಎಂದಳು, ಮಲಯಾಳಿಯ ಗ್ರಾಸರಿ ಕಂಡಿತು. ಕೆಳಗೆ ಎಂದಳು, ಶಾಲೆಯ ಬಸ್ಸಿಗೆ ಕಾಯುತ್ತಾ ಕೂರುತ್ತಿದ್ದ ಕಟ್ಟೆ. ಅಲ್ಲಿ ಏ.ಸಿ. ನೀರು ಬಿದ್ದು ಹಸಿರು ಗೆರೆ ಇತ್ತಲ್ಲ, ಉಂಟಾ ಎಂದಳು. ಇತ್ತು. ಮೇಲೆ ಎಂದಳು. ಮೂರನೇ ಮಹಡಿ, ನಮ್ಮ ಕಿಟಕಿ. ಯಾರೋ ನೀಲಿ ಕರ್ಟನ್ ಹಾಕಿದ್ದಾರೆ, ಸಣ್ಣ ಮಗುವಿನ ಬಟ್ಟೆಗಳು ಒಣಗುತ್ತಿವೆ. ಅವಳು ನೋಡಿದಳು, ನೋಡಿದಳು, "ಚೆಂದ ಉಂಟು," ಎಂದಳು.

"ಎಕ್ಸಾಮ್ ಮುಗೀಲಿ ಮಗಾ," ಎಂದೆ. "ವಿಸಿಟ್ ವೀಸಾದಲ್ಲಿ ಕರ್ಕೊಂಡು ಬರ್ತೇನೆ. ಒಂದು ತಿಂಗಳು ಇರ್ಬಹುದು."

"ಎಲ್ಲಿ ಇರುದು ಪಪ್ಪಾ?"

ಅದನ್ನು ನಾನು ಯೋಚಿಸಿರಲಿಲ್ಲ. ನನ್ನ ಕೋಣೆ ಗಂಡಸರದು, ಹೆಂಗಸರು ಮೆಟ್ಟಿಲು ಹತ್ತುವಂತಿಲ್ಲ. "ಹೋಟೆಲಲ್ಲಿ ಇರುವ," ಎಂದೆ.

"ನಮ್ಮ ಊರಲ್ಲಿ ಹೋಟೆಲಲ್ಲಾ?" ಎಂದು ಅವಳು ನಕ್ಕಳು. ಒಂದೂವರೆ ವರ್ಷದ ಮೇಲೆ ಕೇಳಿದ ಆ ನಗು ನಾನು ಅದನ್ನು ಸವಿಯುವ ಮೊದಲೇ ಅಳುವಾಯಿತು. ಸುಮ್ಮನಿರು ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಫೋನನ್ನು ನನ್ನ ಮುಖಕ್ಕೆ ತಿರುಗಿಸದೆ, ಅವಳು ಸಾಕು ಅನ್ನುವವರೆಗೆ, ಆ ಕಿಟಕಿಯ ಕಡೆಗೇ ಹಿಡಿದು ನಿಂತೆ.